ಒಂದೂಕಾಲು ಗಂಟೆಯ ದಾರಿ

ನಮ್ಮ ಭಾವ ಬೆಂಗಳೂರಿನಿಂದ ಬರುವಾಗ ಬಸ್ಸು, ರೈಲು ಹತ್ತುವುದಿಲ್ಲ, ವಿಮಾನವೇ ಆಗಬೇಕು. "ಗೋವಾಕ್ಕೆ ಒಂದೂಕಾಲು ಗಂಟೆ ಮಾರಾಯ, ಅಲ್ಲಿಂದ ನಿಮ್ಮ ಕಾರವಾರ ಎಷ್ಟು ದೂರ" ಅಂತಾರೆ.

ಹೋದ ಸಲ ಕರೆತರಲು ನಾನೇ ಹೋಗಿದ್ದೆ. ಕಾಳಿ ಸೇತುವೆ, ಮಾಜಾಳಿ, ಕಾಣಕೋಣ, ಮಡಗಾಂವ್ ಅಂತ 90 ಕಿಲೋಮೀಟರಿಗೂ ಜಾಸ್ತಿ ಕಾರು ಓಡಿಸಿ, ದಾಬೋಲಿಂ ನಿಲ್ದಾಣದ ಹೊರಗೆ ನಿಂತು ಫೋನ್ ಮಾಡಿದೆ. "ನಾನೂ ಹೊರಗೇ ಇದ್ದೇನೆ, ನೀನೆಲ್ಲಿ?" ಅಂದರು. ಕಂಬದ ಹತ್ತಿರ ಅಂದೆ. ಅವರೂ ಕಂಬದ ಹತ್ತಿರವೇ ಇದ್ದರು. ಇಬ್ಬರೂ ಕೈ ಬೀಸಿದೆವು. ಕಾಣಲಿಲ್ಲ. ಅವರ ಕಂಬ ಮೋಪಾದಲ್ಲಿತ್ತು, ಸುಮಾರು 60 ಕಿಲೋಮೀಟರ್ ಆಚೆ.

ಗೋವಾಕ್ಕೆ ಈಗ ಎರಡು ನಿಲ್ದಾಣ. ಮೋಪಾದಿಂದ ವಿಮಾನ ಹಾರಲು ಶುರುವಾಗಿದ್ದು 2023ರ ಜನವರಿಯಲ್ಲಿ. ಅದಿರುವುದು ಮಹಾರಾಷ್ಟ್ರದ ಗಡಿ ಹತ್ತಿರ, ನಾವಿರುವುದು ಗೋವಾದ ಈ ತುದಿಗೆ. ಟಿಕೆಟಿನಲ್ಲಿ ಜಿಓಐ ಅಂತಿದ್ದರೆ ದಾಬೋಲಿಂ, ಜಿಓಎಕ್ಸ್ ಅಂತಿದ್ದರೆ ಮೋಪಾ. ಆ ಒಂದು ಅಕ್ಷರ ಓದದೇ ಬಿಟ್ಟಿದ್ದಕ್ಕೆ ನಾನು ಜುವಾರಿ, ಮಾಂಡೋವಿ, ಶಾಪೋರಾ ಅಂತ ಮೂರು ನದಿ ದಾಟಬೇಕಾಯಿತು.

ವಾಪಸ್ ಬರುವಾಗ ಸುಮ್ನೆ ಲೆಕ್ಕ ಹಾಕಿದೆ. ಮನೆಯಿಂದ ದೇವನಹಳ್ಳಿಗೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಅಲ್ಲಿ ಬೆಲ್ಟು ಬಿಚ್ಚಿ ಕಟ್ಟಿ ಕಾಯಲು ಎರಡು ಗಂಟೆ, ಹಾರಲು ಒಂದೂಕಾಲು, ಬ್ಯಾಗಿಗೆ ಅರ್ಧ, ನನಗಾಗಿ ಕಂಬದ ಬುಡದಲ್ಲಿ ಒಂದೂವರೆ, ಆಮೇಲೆ ಕಾರವಾರಕ್ಕೆ ಮೂರು. ಹತ್ತು ಗಂಟೆ ದಾಟಿತು! ಮನೆಯಲ್ಲಿ ಅಕ್ಕ ಬಾಂಗಡೆ ಸಾರನ್ನು ಮೂರನೇ ಸಲ ಬಿಸಿ ಮಾಡುತ್ತಿದ್ದಳು.

ಹುಬ್ಬಳ್ಳಿ ನಿಲ್ದಾಣ ಶಿರಸಿಯವರಿಗೆ ಪರವಾಗಿಲ್ಲ, ನೂರು ಕಿಲೋಮೀಟರ್ ಆಸುಪಾಸು. ನಾವು ಅರಬೈಲ್ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಬೇಕು. ಮಂಗಳೂರು ಬೇಡವೇ ಬೇಡ. ಕಾರವಾರದಲ್ಲಿ ಬಂದರಿದೆ, ರೈಲಿದೆ, ನೌಕಾನೆಲೆ ಇದೆ, ಪಕ್ಕದ ಕೈಗಾದಲ್ಲಿ ಅಣುವನ್ನೇ ಒಡೆಯುತ್ತಾರೆ. ವಿಮಾನ ಮಾತ್ರ ಅಂಕೋಲಾದ ಅಲಗೇರಿಗೆ ಬರುತ್ತದಂತೆ. ನೌಕಾಪಡೆಯ ರನ್‌ವೇ ಪಕ್ಕದಲ್ಲಿ ನಮಗೂ ಸ್ವಲ್ಪ ಜಾಗ ಕೊಡುತ್ತಾರಂತೆ. ಈ 'ಅಂತೆ' ಕೇಳಿಕೊಂಡೇ ಎಷ್ಟು ಮಳೆಗಾಲ ಕಳೆಯಿತೋ!

ಮರುದಿನ ಭಾವನನ್ನು ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನೌಕಾಪಡೆಯ ಹಳೇ ಟುಪೊಲೆವ್ ವಿಮಾನ ನಿಲ್ಲಿಸಿದ್ದಾರೆ, ಸಣ್ಣದಲ್ಲ, ಭಾರಿ ಗಾತ್ರದ್ದು. ಭಾವ ಕಣ್ಣರಳಿಸಿ, "ಅಯ್ಯೋ, ಇಷ್ಟು ದೊಡ್ಡದು ಇಲ್ಲಿ ಎಲ್ಲಿ ಇಳಿಯಿತು?" ಅಂದರು.

"ಇಳಿದಿಲ್ಲ ಭಾವ. ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ಬಿಡಿಬಿಡಿಯಾಗಿ ಲಾರಿಯಲ್ಲಿ ತಂದರು."

ಭಾವ ಸ್ವಲ್ಪ ಹೊತ್ತು ಅದರ ರೆಕ್ಕೆಯನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಭಾನುವಾರಕ್ಕೆ ಪಂಚಗಂಗಾ ರೈಲಿನಲ್ಲಿ ಬರ್ತ್ ಇದೆಯಾ ನೋಡು" ಅಂದರು.