ನೋಟಿನ ಮೇಲಿನ ಮನಮೋಹನ್ ಸಿಂಗ್ ಸಹಿ: ಸತ್ಯಾಂಶ

‘ಪ್ರಧಾನಿ ಆಗಿದ್ದಾಗ ಮನಮೋಹನ್ ಸಿಂಗ್ ನೋಟಿನ ಮೇಲೆ ತಮ್ಮದೇ ಸಹಿ ಹಾಕಿಸಿಕೊಂಡರು’ ಅನ್ನೋ ಸಂದೇಶ ಹಳೇ ನೋಟಿನ ಫೋಟೊ ಜೊತೆ ಬರುತ್ತದೆ. ಸಹಿ ಅವರದ್ದೇ. ಹುದ್ದೆ ಮಾತ್ರ ತಪ್ಪು.

1982ರಿಂದ 1985ರವರೆಗೆ ಅವರು ರಿಸರ್ವ್ ಬ್ಯಾಂಕ್ ಗವರ್ನರ್. ನೋಟುಗಳ ಮೇಲೆ ಗವರ್ನರ್ ಸಹಿ ಇರಲೇಬೇಕು. ಒಂದು ರೂಪಾಯಿ ನೋಟಿನ ಕಥೆ ಮಾತ್ರ ಬೇರೆ. ಅದರ ನೆತ್ತಿಯ ಮೇಲೆ ‘ಭಾರತ ಸರ್ಕಾರ’ ಎಂದಿರುತ್ತದೆ, ಸಹಿ ಹಣಕಾಸು ಕಾರ್ಯದರ್ಶಿಯದ್ದು. 1976ರಿಂದ 1980ರವರೆಗೆ ಆ ಕುರ್ಚಿಯಲ್ಲಿ ಕೂತವರೂ ಇವರೇ! ವರ್ಷಗಟ್ಟಲೆ ದುಡಿದ ಗುರುತನ್ನು ಸುಮ್ನೆ ಆಡಂಬರ ಅನ್ನೋದು ಅನ್ಯಾಯ ಅಲ್ವಾ?

ರಾಜಕೀಯಕ್ಕೆ ಬಂದಿದ್ದು ಆಮೇಲೆ. 1991ರಲ್ಲಿ ಹಣಕಾಸು ಮಂತ್ರಿ, ಅದೇ ವರ್ಷ ಅಸ್ಸಾಮಿನಿಂದ ರಾಜ್ಯಸಭೆಗೆ. 2004ರಲ್ಲಿ ಪ್ರಧಾನಿಯಾದಾಗ ಗವರ್ನರ್ ಆಗಿದ್ದವರು ವೈ.ವಿ. ರೆಡ್ಡಿ. ಆಗ ಅಚ್ಚಾದ ನೋಟುಗಳಲ್ಲಿ ಇರುವುದು ರೆಡ್ಡಿಯವರ ಸಹಿ.