ಸಾಹೇಬ್ರು ಹೊರಟ್ರಾ?

ನಮ್ಮ ಆಫೀಸಿನಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಯುತ್ತದೆ. ಆರೂವರೆ ಆದರೂ ಯಾರೂ ಏಳುವುದಿಲ್ಲ. ಎಲ್ಲರ ಕಣ್ಣು ಕಂಪ್ಯೂಟರಿನ ಮೇಲೆ, ಕಿವಿ ಮಾತ್ರ ಒಳಗಿನ ಕ್ಯಾಬಿನ್ನಿನ ಕಡೆ. ಕುರ್ಚಿ ಕಿರ್ ಎಂದಿತಾ? "ಸಾಹೇಬ್ರು ಹೊರಟ್ರಾ?" ಎಂದು ಪಕ್ಕದವರು ತುಟಿ ಅಲ್ಲಾಡಿಸದೆ ಕೇಳುತ್ತಾರೆ. ಇಲ್ಲ, ಬರೀ ಕಾಲ ಮೇಲೆ ಕಾಲು ಹಾಕಿಕೊಂಡರಂತೆ. ಸರಿ, ಬೆಳಿಗ್ಗೆಯೇ ಮುಗಿಸಿದ್ದ ಎಕ್ಸೆಲ್ ಶೀಟನ್ನು ನಾನು ಮತ್ತೆ ತೆರೆದು, ಮೂರನೇ ಕಾಲಮ್ಮಿಗೆ ತಿಳಿ ಹಳದಿ ಬಣ್ಣ ಬಳಿಯುತ್ತೇನೆ. ನಿನ್ನೆ ತಿಳಿ ನೀಲಿ ಬಳಿದಿದ್ದೆ.

ಸಾಹೇಬರನ್ನು ಬೈದು ಪ್ರಯೋಜನವಿಲ್ಲ. "ಹುಡುಗ್ರೆಲ್ಲ ಇನ್ನೂ ದುಡೀತಿದ್ದಾರೆ, ನಾನು ಹೇಗೆ ಎದ್ದು ಹೋಗ್ಲಿ?" ಎಂದು ಅವರೂ ಒಳಗೆ ಒದ್ದಾಡುತ್ತಿರುತ್ತಾರಂತೆ. ಒಂದು ದಿನ ಲಿಫ್ಟಿನಲ್ಲಿ ಅವರೇ ಬಾಯಿಬಿಟ್ಟರು. ಈ ಗುಟ್ಟನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಎಲ್ಲರೂ ಆರಕ್ಕೇ ಹೊರಡುತ್ತಾರೆ. ಆಮೇಲೆ ಲಿಫ್ಟಿಗೆ ಕ್ಯೂ ಜಾಸ್ತಿ.

ಪಾರ್ಕಿನ್ಸನ್ ಎಂಬ ಬ್ರಿಟಿಷ್ ಇತಿಹಾಸಕಾರರು 1955ರಲ್ಲೇ ಬರೆದಿದ್ದರು, ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತೀರೋ ಅಷ್ಟೂ ಹೊತ್ತಿಗೆ ಅದು ಹಿಗ್ಗಿಕೊಳ್ಳುತ್ತದೆ ಎಂದು. ಪುರುಸೊತ್ತಿರುವ ಅಜ್ಜಿಗೆ ಒಂದು ಪೋಸ್ಟ್‌ಕಾರ್ಡ್ ಬರೆದು ಡಬ್ಬಿಗೆ ಹಾಕಲು ಇಡೀ ದಿನ ಬೇಕಂತೆ. ಆ ಅಜ್ಜಿ ಕೊನೆಗೆ ಕಾರ್ಡನ್ನಾದರೂ ಹಾಕುತ್ತಾಳೆ. ನಮ್ಮಲ್ಲಾಗಿದ್ದರೆ ಕಾರ್ಡಿನ ಬಣ್ಣದ ಬಗ್ಗೆ ಕರೆದ ಮೀಟಿಂಗು ಮುಂದಿನ ವಾರಕ್ಕೆ ಹೋಗಿರುತ್ತಿತ್ತು.

ಮನೆಯಿಂದ ಕೆಲಸ ಮಾಡುವವರು ಪಾರಾದರು ಅಂದುಕೊಂಡಿದ್ದೆ. ಎಲ್ಲಿ ಬಂತು? ಆಫೀಸಿನ ಚಾಟ್ ಆ್ಯಪಿನಲ್ಲಿ ಅವರ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇರುತ್ತದಲ್ವಾ, ಮೌಸು ಸ್ವಲ್ಪ ಹೊತ್ತು ಅಲ್ಲಾಡದಿದ್ದರೆ ಅದು ಹಳದಿಯಾಗುತ್ತದೆ. ಕಿಟಕಿಯಾಚೆ ನೋಡುತ್ತಾ ಯೋಚನೆ ಮಾಡಿದರೆ ಹಳದಿ. ಯೋಚನೆಯೇ ಇಲ್ಲದೆ ಮೌಸು ಆಡಿಸುತ್ತಿದ್ದರೆ ಹಸಿರು. ಅದಕ್ಕೇ ಮೌಸನ್ನು ತಾನೇ ಅಲ್ಲಾಡಿಸುವ ಪುಟ್ಟ ಯಂತ್ರವೂ ಮಾರಾಟಕ್ಕಿದೆ. ಮನುಷ್ಯರ ಕೆಲಸವನ್ನು ಯಂತ್ರ ಕಿತ್ತುಕೊಳ್ಳುತ್ತದೆ ಎನ್ನುವುದು ಹಳೇ ಮಾತಾಯಿತು. ಇದು ನಮ್ಮ ನಟನೆಯನ್ನೇ ಕಿತ್ತುಕೊಂಡಿದೆ. 2024ರಲ್ಲಿ ಅಮೆರಿಕದ ಒಂದು ಬ್ಯಾಂಕು, ಕೀಬೋರ್ಡ್ ಬಡಿಯುತ್ತಿರುವಂತೆ ತೋರಿಸಿಕೊಂಡ ಒಂದಷ್ಟು ಮಂದಿಯನ್ನು ಮನೆಗೆ ಕಳಿಸಿತು. ಪಾಪ, ಕೈಯಾರೆ ಬಡಿದಿದ್ದರೆ ಪ್ರಮೋಷನ್ನೇ ಸಿಗುತ್ತಿತ್ತೇನೋ.

ಇಷ್ಟೆಲ್ಲ ಅನುಭವಿಸಿ ಮನೆಗೆ ಬಂದು ಸಿನಿಮಾ ಹಾಕಿದರೆ ಅಲ್ಲೂ ಆಫೀಸು! ಹೀರೋ ಪಟಪಟ ಕೀಬೋರ್ಡ್ ಕುಟ್ಟುತ್ತಾನೆ, ಮೌಸು ಮುಟ್ಟುವುದೇ ಇಲ್ಲ. ಕಪ್ಪಿನಲ್ಲಿ ಕಾಫಿ ಇಲ್ಲ ಎನ್ನುವುದು ಅವನು ಅದನ್ನು ಬೀಸಾಡುವ ರೀತಿಯಲ್ಲೇ ಗೊತ್ತಾಗುತ್ತದೆ. ಫೈಲು ತೆರೆದು ಒಂದು ಸಹಿ ಹಾಕಿದ, ಕಂಪನಿ ಉದ್ಧಾರ. ಮೊದಲೆಲ್ಲ ನಗು ಬರುತ್ತಿತ್ತು. ಈಗ ಹೊಟ್ಟೆಕಿಚ್ಚು. ಅವನಿಗೆ 'ಕಟ್' ಎನ್ನಲು ಒಬ್ಬರಿದ್ದಾರೆ.

ಆಫೀಸನ್ನು ಅರ್ಥ ಮಾಡಿಕೊಂಡ ಸಿನಿಮಾ ಒಂದೇ ಒಂದು. 1895ರ ಡಿಸೆಂಬರ್ 28ರಂದು, ಸಿನಿಮಾಕ್ಕೆ ನಾಂದಿ ಹಾಡಿದ ಫ್ರಾನ್ಸಿನ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಹತ್ತು ಪುಟಾಣಿ ಚಿತ್ರ ತೋರಿಸಿದರು. ಮೊದಲನೆಯದು ಯಾವುದು ಗೊತ್ತಾ? ಕೆಲಸ ಮುಗಿಸಿ ಫ್ಯಾಕ್ಟರಿಯಿಂದ ಹೊರಬರುವ ಜನ. ಹೆಂಗಸರು, ಗಂಡಸರು, ಸೈಕಲ್ಲು, ಒಂದು ನಾಯಿ, ಎಲ್ಲ ಹೊರಗೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ನೋಡಿ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಗೊತ್ತಾಯಿತು, ಆ ಫ್ಯಾಕ್ಟರಿ ಲೂಮಿಯೇರ್ ಮನೆಯವರದ್ದೇ. ಅಂದರೆ ಗೇಟಿನ ಎದುರು ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದವರು ಸಾಕ್ಷಾತ್ ಸಾಹೇಬರು! ಸಾಲದ್ದಕ್ಕೆ ಇದೇ ದೃಶ್ಯ ಮೂರು ಬಗೆಯಲ್ಲಿ ಉಳಿದಿದೆ. ಒಂದರಲ್ಲಿ ಬಂಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಮನೆಗೆ ಹೋಗುವುದನ್ನೂ ಮೂರು ಸಲ ಮಾಡಿ ತೋರಿಸಬೇಕಾಗಿತ್ತು, ಪಾಪ.

ನಿನ್ನೆ ಈ ಕಥೆಯನ್ನು ಪಕ್ಕದವರಿಗೆ ಪಿಸುಗುಡುತ್ತಿದ್ದೆ. ಆರು ಇಪ್ಪತ್ತಾಗಿತ್ತು. ಒಳಗೆ ಕುರ್ಚಿ ಕಿರ್ ಎಂದಿತು. ಇಬ್ಬರೂ ಬ್ಯಾಗಿಗೆ ಕೈ ಹಾಕಿದೆವು. ಸಾಹೇಬರು ಫೋನನ್ನು ಮುಖದೆದುರು ಎತ್ತಿ ಹಿಡಿದುಕೊಂಡೇ ಹೊರಗೆ ಬಂದರು.

"ಯಾರೂ ಏಳ್ಬೇಡಿ. ಕಂಪನಿ ಪೇಜಿಗೆ ಒಂದು ವಿಡಿಯೋ ಬೇಕಂತೆ. ಸುಮ್ನೆ ಕೆಲಸ ಮಾಡ್ತಿರೋ ಥರ ಕಾಣಿಸಿದ್ರೆ ಸಾಕು."

ಮೊದಲ ಎರಡು ಸಲ ನಾನು ಬಾಗಿಲ ಕಡೆ ನೋಡುತ್ತಿದ್ದೆನಂತೆ. ಮೂರನೇ ಟೇಕು ಓಕೆ ಆಯಿತು.