ಆನೆ ಮೇಲೋ, ಅಣಬೆ ಮೇಲೋ?

ಬೆಂಗಳೂರು ಮೇಲೋ ಹೈದರಾಬಾದ್ ಮೇಲೋ, ಅದು ಮುಗಿಯಿತು. ಸಚಿನ್ನೋ ಕೊಹ್ಲಿಯೋ, ಅದೂ ಮುಗಿಯಿತು. ಟೀವಿಯವರು ಇಡ್ಲಿ-ದೋಸೆಯನ್ನೂ ಜಗಳಕ್ಕೆ ಹಚ್ಚಿ ಬಿಟ್ಟಿದ್ದಾರೆ. ಇನ್ನು ಉಳಿದಿರುವುದು ಆನೆ ಮತ್ತು ಅಣಬೆ. ಇವತ್ತಲ್ಲ ನಾಳೆ ರಾತ್ರಿ ಒಂಬತ್ತಕ್ಕೆ ಅದೂ ಬರುತ್ತದೆ, ನೋಡ್ತಾ ಇರಿ. ಎತ್ತಣಿಂದೆತ್ತ ಸಂಬಂಧ ಅಂತ ಮೂಗು ಮುರಿಯಬೇಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಡಿಕೆಯನ್ನೇ ಆನೆ ಪಕ್ಕ ನಿಲ್ಲಿಸಿದ ಜನ ನಾವು. ಅಣಬೆ ಏನು ಪಾಪ ಮಾಡಿದೆ?

ಮೊದಲ ಸುತ್ತು ತೂಕದ್ದು. ಮೈಸೂರಿನಲ್ಲಿ ದಸರಾ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸುವ ದೃಶ್ಯ ತೆರೆ ಮೇಲೆ ಬರುತ್ತದೆ. ಅಭಿಮನ್ಯು ಕಿವಿ ಬೀಸುತ್ತಾ ನಿಲ್ಲುತ್ತಾನೆ, ಸುತ್ತ ಇಪ್ಪತ್ತು ಮೈಕು. 5,000 ಕೆ.ಜಿ. ದಾಟಿತು! ಚಪ್ಪಾಳೆ. ತೂಕ ಜಾಸ್ತಿಯಾಗಿದ್ದಕ್ಕೆ ಇಡೀ ರಾಜ್ಯದಲ್ಲಿ ಹೊಗಳಿಸಿಕೊಳ್ಳುವುದು ಇವನೊಬ್ಬನೇ. ನಮಗಾದರೆ ಡಾಕ್ಟರ್ ಬೈಯುತ್ತಾರೆ. ಆಮೇಲೆ ಪ್ಲಾಸ್ಟಿಕ್ ಸುತ್ತಿದ 200 ಗ್ರಾಂ ಬಟನ್ ಅಣಬೆ ಪ್ಯಾಕೆಟ್ಟನ್ನು ಮೇಜಿನ ಮೇಲೆ ಇಡುತ್ತಾರೆ. ಅದರಲ್ಲೂ ಮುಕ್ಕಾಲಿಗಿಂತ ಹೆಚ್ಚು ಬರೀ ನೀರು. ಒಬ್ಬ ಅಭಿಮನ್ಯುವಿಗೆ 25,000 ಪ್ಯಾಕೆಟ್ ಸಮ ಎಂದು ನಿರೂಪಕರು ಕ್ಯಾಲ್ಕುಲೇಟರ್ ಒತ್ತಿ ಕಿರುಚುತ್ತಾರೆ. ಈ ಲೆಕ್ಕ ಯಾರಿಗೆ ಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಎರಡನೇ ಸುತ್ತಿನಲ್ಲಿ ಅಸಲಿ ಗಲಾಟೆ. ಯಾರು ಶುದ್ಧ ಸಸ್ಯಾಹಾರಿ? ಆನೆ ಹುಲ್ಲು, ಸೊಪ್ಪು, ಬಿದಿರು ಬಿಟ್ಟು ಬೇರೆ ಮುಟ್ಟಲ್ಲ. ಕಬ್ಬು ತಿನ್ನುತ್ತದೆ, ಅದು ಯಾರದ್ದೋ ಗದ್ದೆಯದ್ದು, ಆ ಮಾತು ಬೇರೆ. ಅಣಬೆಯನ್ನೋ, ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಚರ್ಚೆಗೆ ಕರೆಸಿದ ವಿಜ್ಞಾನಿ, ‘ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು’ ಎನ್ನುತ್ತಾರೆ. ನಿಜ ಕೂಡ. ಅಂದರೆ ಅಣಬೆಗೆ ಬದನೆಕಾಯಿಗಿಂತ ಆನೆಯೇ ಹತ್ತಿರ. ಅಷ್ಟರಲ್ಲಿ ಇನ್ನೊಬ್ಬರು, ಬಟನ್ ಅಣಬೆ ಬೆಳೆಯುವ ಗೊಬ್ಬರಕ್ಕೆ ಗೋಧಿ ಹುಲ್ಲಿನ ಜೊತೆ ಕೋಳಿ ಗೊಬ್ಬರವನ್ನೂ ಹಾಕುತ್ತಾರೆ ಅಂತ ಬಾಂಬ್ ಎಸೆಯುತ್ತಾರೆ. ಆದರೂ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದೇ ಇದೆ. ಹುಲ್ಲು ತಿಂದೇ ಐದು ಟನ್ ಆದ ಪ್ರಾಣಿಗೆ ಇವತ್ತಿನವರೆಗೂ ಯಾರೂ ಹಸಿರು ಚುಕ್ಕೆ ಅಂಟಿಸಿಲ್ಲ. ಇದು ಆನೆಗೆ ಮಾಡಿದ ಅನ್ಯಾಯ ಅಲ್ವಾ ಎಂದು ನಿರೂಪಕರ ಕಣ್ಣಲ್ಲಿ ನೀರು.

ಮೂರನೇ ಸುತ್ತಿಗೆ ಅಣಬೆ ಪರ ವಕೀಲರು ಅಮೆರಿಕದ ಒರೆಗಾನ್ ಕಾಡಿನಿಂದ ಸಾಕ್ಷಿ ತರುತ್ತಾರೆ. ಅಲ್ಲಿ ನೆಲದಡಿ ಎಳೆಎಳೆಯಾಗಿ ಹಬ್ಬಿರುವ ಒಂದೇ ಒಂದು ‘ಹನಿ ಮಶ್ರೂಮ್’ (ಜೇನು ಅಣಬೆ) ಸುಮಾರು 965 ಹೆಕ್ಟೇರ್ ಆವರಿಸಿದೆ. ಹತ್ತು ಲಾಲ್‌ಬಾಗ್‌ನಷ್ಟು! ಚೆನ್ನಾಗಿ ಬೇಯಿಸಿದರೆ ತಿನ್ನಲೂ ಬರುತ್ತದೆ. ಇದರ ಮುಂದೆ ಆನೆ ಯಾವ ಲೆಕ್ಕ? ಆನೆ ಬಣ ಒಂದು ಕ್ಷಣ ಗಪ್‌ಚುಪ್. ಆಮೇಲೆ ಯಾರೋ, ‘ವಿದೇಶಿ ಅಣಬೆಯನ್ನು ತಂದು ನಮ್ಮ ಆನೆಗೆ ಅವಮಾನ ಮಾಡ್ತೀರಾ?’ ಎನ್ನುತ್ತಾರೆ. ಅಲ್ಲಿಂದ ಮುಂದೆ ಅಣಬೆಯೂ ಇಲ್ಲ, ಆನೆಯೂ ಇಲ್ಲ, ಬರೀ ದೇಶಭಕ್ತಿ.

ಕೊನೆಗೆ ವೀಕ್ಷಕರ ಕರೆ.

‘ಸಾರ್, ಸಕಲೇಶಪುರ ಕಡೆಯಿಂದ ಮಾತಾಡ್ತಿದ್ದೀನಿ. ಮೂರು ದಿನದಿಂದ ಕಾಫಿ ತೋಟದಲ್ಲಿ ಆನೆ ನಿಂತಿದೆ. ಕೆಲಸದವರು ಬರ್ತಿಲ್ಲ. ಬಾಳೆ ಪೂರ್ತಿ ಹೋಯ್ತು. ಪರಿಹಾರಕ್ಕೆ ಅರ್ಜಿ ಕೊಟ್ಟು…’

‘ವಿಷಯಕ್ಕೆ ಬನ್ನಿ ಸಾರ್, ಟೈಮಿಲ್ಲ. ಆನೆಯೋ, ಅಣಬೆಯೋ?’

‘ಅಯ್ಯೋ, ಆನೆ ಸಾರ್! ಅದೇ ಹೇಳ್ತಿದ್ದೀನಲ್ಲ, ಆನೆ, ಆನೆ…’

ಲೈನ್ ಕಟ್. ತೆರೆಯ ಮೇಲೆ ಆನೆಗೆ ಇನ್ನೊಂದು ವೋಟು ಏರುತ್ತದೆ.